ಕೇಬಲ್ ಕಿತ್ತರೂ ಕ್ಲಾಸ್ ನಿಲ್ಲಬಾರದು: ಡೆಬಿಯನ್ ಲ್ಯಾಪ್‌ಟಾಪ್‌ನ ನೆಟ್‌ವರ್ಕ್ ಸರಿಮಾಡಿದ ಒಂದು ತಿಂಗಳು

ನಮ್ಮ ಮನೆ ಸಾಗರ ತಾಲೂಕಿನ ಒಂದು ಹಳ್ಳಿಯಲ್ಲಿದೆ. ದಪ್ಪ ಜಂಬಿಟ್ಟಿಗೆ ಗೋಡೆಯ ಹಳೇ ಮನೆ. ಫೈಬರ್ ರೂಟರ್ ಕೆಳಗೆ ಜಗಲಿಯಲ್ಲಿದೆ, ನಾನು ಕೂರುವುದು ಮೆತ್ತಿನ ಮೇಲಿನ ಕೋಣೆಯಲ್ಲಿ. ಸಂಜೆ 7ರಿಂದ 8.30ರವರೆಗೆ ದ್ವಿತೀಯ ಪಿಯು ಮಕ್ಕಳಿಗೆ ಆನ್‌ಲೈನ್‌ನಲ್ಲಿ ಗಣಿತ ಹೇಳಿಕೊಡುತ್ತೇನೆ. ವೈಫೈ ಮೇಲಿನವರೆಗೂ ಬರುತ್ತದೆ, ಆದರೆ ಬೋರ್ಡ್ ಶೇರ್ ಮಾಡಿದ ಕೂಡಲೇ ಮಾತು ತುಂಡು ತುಂಡಾಗುತ್ತದೆ. ಹಾಗಾಗಿ ಕೇಬಲ್ ಬೇಕೇ ಬೇಕು.

ಮಲೆನಾಡಿನಲ್ಲಿ ಕೇಬಲ್ ಎಂದರೆ ಜೊತೆಗೆ ಸಿಡಿಲಿನ ಭಯವೂ ಇರುತ್ತದೆ. ಹೋದ ವರ್ಷ ಚಿತ್ತೆ ಮಳೆಯಲ್ಲಿ ಸಿಡಿಲು ಬಡಿದು ಹಳೇ ಕಂಪ್ಯೂಟರಿನ ಲ್ಯಾನ್ ಪೋರ್ಟ್ ಸುಟ್ಟಿತ್ತು. ಅಂದಿನಿಂದ ಗುಡುಗು ಶುರುವಾದರೆ ಅಪ್ಪಯ್ಯ ಕೆಳಗಿನಿಂದ "ವಯರ್ ಕೀಳೋ" ಎಂದು ಕೂಗುತ್ತಾರೆ. ಕಿತ್ತರೆ ಕ್ಲಾಸ್ ನಿಲ್ಲುತ್ತದೆ. ಕರೆಂಟ್ ಹೋದರೂ ನಿಲ್ಲುತ್ತದೆ. ನನಗೆ ಬೇಕಾಗಿದ್ದು ಇಷ್ಟೇ. ಕೇಬಲ್ ಇದ್ದರೆ ಕೇಬಲ್, ಕಿತ್ತರೆ ಮನೆ ವೈಫೈ, ಮನೆ ಲೈನೇ ಹೋದರೆ ಫೋನಿನ ಹಾಟ್‌ಸ್ಪಾಟ್. ನಾನು ಪಾಠ ನಿಲ್ಲಿಸಿ ಏನನ್ನೂ ಒತ್ತುವ ಹಾಗಿರಬಾರದು.

ಲ್ಯಾಪ್‌ಟಾಪ್ ಸೆಕೆಂಡ್‌ಹ್ಯಾಂಡ್ ಥಿಂಕ್‌ಪ್ಯಾಡ್ ಟಿ480. ಅದರಲ್ಲಿರುವುದು ಡೆಬಿಯನ್ 12 ಎಂಬ ಲಿನಕ್ಸ್, ಮೇಲೆ ಎಕ್ಸ್‌ಎಫ್‌ಸಿಇ ಎಂಬ ಹಗುರ ಡೆಸ್ಕ್‌ಟಾಪ್. ಕೇಬಲ್ ಕಾರ್ಡಿನ ಹೆಸರು ಇಎನ್‌ಪಿ0ಎಸ್31ಎಫ್6, ವೈಫೈ ಕಾರ್ಡಿನದು ಡಬ್ಲ್ಯುಎಲ್‌ಪಿ3ಎಸ್0. ಕಮಾಂಡ್‌ಗಳನ್ನು ಇಲ್ಲಿ ಹೇಳುವ ಹಾಗೆ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

2024 ಸೆಪ್ಟೆಂಬರ್ 28, ಶನಿವಾರ: ಕೇಬಲ್ ಎಳೆದದ್ದು

ಸಾಗರ ಪೇಟೆಯಿಂದ ತಂದ ಸಾಮಾನು: ಕ್ಯಾಟ್5ಇ ಕೇಬಲ್ 25 ಮೀಟರ್, ಮೀಟರಿಗೆ 22 ರೂಪಾಯಿಯಂತೆ 550. ಆರ್‌ಜೆ45 ಕನೆಕ್ಟರ್ 10, ಒಟ್ಟು 80 ರೂಪಾಯಿ. ಕ್ರಿಂಪಿಂಗ್ ಟೂಲ್ 380. ಪಿವಿಸಿ ಪೈಪ್ 160, ಕ್ಲಿಪ್ 60. ಕೇಬಲ್ ಟೆಸ್ಟರ್ ಯಾಕೆ ಸುಮ್ನೆ ಎಂದು ಬಿಟ್ಟು ಬಂದೆ. ಅದು ಮೊದಲ ತಪ್ಪು.

ಜಗಲಿಯಿಂದ ಮೆತ್ತಿನವರೆಗೆ 23 ಮೀಟರ್ ಬೇಕಾಯಿತು. ಕರೆಂಟ್ ವಯರಿನ ಪಕ್ಕದಲ್ಲೇ ಎಳೆಯದೆ, ಒಂದು ಅಡಿ ಬಿಟ್ಟು ತೊಲೆಯ ಪಕ್ಕದಲ್ಲಿ ಪೈಪ್ ಕೂರಿಸಿದೆ. ನಮ್ಮ ಅಟ್ಟದಲ್ಲಿ ಇಲಿ ಜಾಸ್ತಿ, ಪೈಪ್ ಇಲ್ಲದಿದ್ದರೆ ಕೇಬಲ್ ಒಂದು ಮಳೆಗಾಲವೂ ಬಾಳುವುದಿಲ್ಲ.

ಕನೆಕ್ಟರಿನ ಬಣ್ಣದ ಸಾಲು ಎರಡೂ ತುದಿಗೆ ಒಂದೇ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಮೊದಲ ಸಲ ಹೊರಗಿನ ಸಿಪ್ಪೆಯನ್ನು ಮೂರು ಸೆಂಟಿಮೀಟರ್‌ಗೂ ಜಾಸ್ತಿ ಸುಲಿದೆ. ಸಿಪ್ಪೆ ಕನೆಕ್ಟರಿನ ಒಳಗೆ ಹೋಗಲೇ ಇಲ್ಲ. ಒಂದು ಸಲ ಎಳೆದಾಗ ವಯರ್‌ಗಳು ಕೈಗೆ ಬಂದವು. ಎರಡನೇ ಸಲ ಗಟ್ಟಿಯಾಗಿ ಕೂತಿತು, ಲೈಟ್ ಹತ್ತಿತು, ಇಂಟರ್ನೆಟ್ ಬಂತು. ಆಯಿತು ಎಂದುಕೊಂಡು ಮಲಗಿದೆ.

ಸೆಪ್ಟೆಂಬರ್ 29, ಭಾನುವಾರ: ಕೇಬಲ್ ಬಿಟ್ಟು ಬಿಟ್ಟು ಬರುತ್ತಿದೆ

ಬೆಳಿಗ್ಗೆ ನೋಡಿದರೆ ಕನೆಕ್ಷನ್ ಹೋಗಿ ಬರುತ್ತಿತ್ತು. ಕರ್ನಲ್ ಲಾಗ್‌ನಲ್ಲಿ, ಅಂದರೆ ಸಿಸ್ಟಂ ಬರೆದಿಡುವ ದಾಖಲೆಯಲ್ಲಿ, ಕೆಲವು ನಿಮಿಷಕ್ಕೊಂದು ಸಲ ಲಿಂಕ್ ಡೌನ್, ಲಿಂಕ್ ಅಪ್. ಕೇಬಲಿನ ವೇಗ ತೋರಿಸುವ ಈಥ್‌ಟೂಲ್ ಕಮಾಂಡ್ ಒಂದು ಸಲ 1000 ಎಂಬಿಪಿಎಸ್ ಎಂದಿತು, ಇನ್ನೊಂದು ಸಲ 100. ಗಿಗಾಬಿಟ್‌ಗೆ, ಅಂದರೆ 1000ಕ್ಕೆ, ನಾಲ್ಕೂ ಜೋಡಿ ವಯರ್ ಬೇಕು. 100ಕ್ಕೆ ಎರಡು ಜೋಡಿ ಸಾಕು. ಅಂದರೆ ಯಾವುದೋ ಒಂದು ವಯರ್ ಅರ್ಧ ತಾಗುತ್ತಿದೆ.

ಮತ್ತೆ ಪೇಟೆಗೆ ಹೋಗಿ 240 ರೂಪಾಯಿ ಕೊಟ್ಟು ಟೆಸ್ಟರ್ ತಂದೆ. 4ನೇ ಲೈಟ್ ಹತ್ತಲಿಲ್ಲ. ಜಗಲಿಯ ಕಡೆಯ ಕನೆಕ್ಟರಿನಲ್ಲಿ ನೀಲಿ ವಯರ್ ತುದಿಯವರೆಗೆ ಹೋಗಿರಲಿಲ್ಲ. ಕತ್ತರಿಸಿ ಹೊಸದು ಹಾಕಿದೆ. ಎಂಟೂ ಲೈಟ್ ಹತ್ತಿದವು, 1000ದಲ್ಲಿ ನಿಂತಿತು. ಇಲ್ಲಿಗೆ 1,470 ರೂಪಾಯಿ.

ನನ್ನ ಪ್ಲಾನ್ 50 ಎಂಬಿಪಿಎಸ್ ಅಷ್ಟೇ, 100ರಲ್ಲಿ ನಿಂತಿದ್ದರೂ ಸಾಕಿತ್ತು. ಆದರೆ ಹೋಗಿ ಬರುವ ಕೇಬಲ್ ಇಟ್ಟುಕೊಂಡು ಮುಂದಿನ ಕೆಲಸಕ್ಕೆ ಕೈ ಹಾಕಬೇಡಿ. ಲ್ಯಾಪ್‌ಟಾಪ್ ತಾನಾಗಿ ಬದಲಾಗುತ್ತಿದೆಯಾ, ಕೇಬಲ್ ಬದಲಾಯಿಸುತ್ತಿದೆಯಾ ಎನ್ನುವುದೇ ತಿಳಿಯುವುದಿಲ್ಲ.

ಸಂಜೆ ಮೊದಲ ಪರೀಕ್ಷೆ ಮಾಡಿದೆ. ಕೇಬಲ್ ಕಿತ್ತೆ. ವೈಫೈ ಗುರುತು ತುಂಬಿ ನಿಂತಿದೆ, ಆದರೆ ಒಂದು ಪುಟವೂ ತೆರೆಯುವುದಿಲ್ಲ. ಐದು ನಿಮಿಷ ಕಾದರೂ ಅಷ್ಟೇ. ರೀಬೂಟ್ ಮಾಡಿದರೆ ಸರಿ.

ಅಕ್ಟೋಬರ್ 2, ಬುಧವಾರ: ಹಳೇ ಎರಡು ಸಾಲು

ಗಾಂಧಿ ಜಯಂತಿ ರಜೆ. ಇಡೀ ಬೆಳಿಗ್ಗೆ ಇದರಲ್ಲೇ ಕೂತೆ. 'ಎನ್‌ಎಂಸಿಎಲ್‌ಐ ಡಿವೈಸ್' ಎಂಬ ಕಮಾಂಡ್ ಕೊಟ್ಟಾಗ ಕೇಬಲ್ ಕಾರ್ಡಿನ ಮುಂದೆ ಅನ್‌ಮ್ಯಾನೇಜ್ಡ್ ಎಂದಿತ್ತು. ಅಂದರೆ ವೈಫೈ ಮಾತ್ರ, ಕನೆಕ್ಷನ್‌ಗಳನ್ನು ನಡೆಸುವ ನೆಟ್‌ವರ್ಕ್ ಮ್ಯಾನೇಜರ್ ಎಂಬ ಪ್ರೋಗ್ರಾಂ ಕೈಯಲ್ಲಿದೆ, ಕೇಬಲ್ ಬೇರೆ ಯಾರದೋ ಕೈಯಲ್ಲಿದೆ.

ಕಾರಣ ನನ್ನ ಇನ್‌ಸ್ಟಾಲ್. ಮೊದಲು ಡೆಸ್ಕ್‌ಟಾಪ್ ಇಲ್ಲದೆ ಬರೀ ಡೆಬಿಯನ್ ಹಾಕಿ, ಆಮೇಲೆ ಎಕ್ಸ್‌ಎಫ್‌ಸಿಇ ಸೇರಿಸಿದ್ದೆ. ಮೊದಲ ಇನ್‌ಸ್ಟಾಲ್‌ನಲ್ಲಿ ಇಟಿಸಿ ಫೋಲ್ಡರಿನ ನೆಟ್‌ವರ್ಕ್ ಒಳಗಿರುವ ಇಂಟರ್‌ಫೇಸಸ್ ಫೈಲಿನಲ್ಲಿ ಕೇಬಲ್ ಕಾರ್ಡಿನ ಹೆಸರಿನ ಎರಡು ಸಾಲು ಬಂದು ಕೂತಿದ್ದವು. ಆ ಫೈಲಿನಲ್ಲಿ ಹೆಸರಿರುವ ಕಾರ್ಡನ್ನು ಡೆಬಿಯನ್‌ನ ನೆಟ್‌ವರ್ಕ್ ಮ್ಯಾನೇಜರ್ ಮುಟ್ಟುವುದಿಲ್ಲ. ಅದನ್ನು ನೋಡಿಕೊಳ್ಳುವುದು ಇಫ್‌ಅಪ್‌ಡೌನ್ ಎಂಬ ಹಳೇ ಪ್ರೋಗ್ರಾಂ.

ಇಫ್‌ಅಪ್‌ಡೌನ್‌ಗೆ ಕೇಬಲ್ ಕಿತ್ತದ್ದು ಗೊತ್ತೇ ಆಗುವುದಿಲ್ಲ. ಕಿತ್ತ ಮೇಲೆ, ಡೇಟಾ ಹೋಗುವ ದಾರಿಗಳನ್ನು ತೋರಿಸುವ 'ಐಪಿ ರೌಟ್' ಕಮಾಂಡ್ ಕೊಟ್ಟು ನೋಡಿದೆ. ಸತ್ತ ಕೇಬಲಿನ ದಾರಿ ಮೊದಲ ಸಾಲಿನಲ್ಲಿ ಹಾಗೇ ಕೂತಿತ್ತು. ವೈಫೈ ದಾರಿಯ ಮೆಟ್ರಿಕ್, ಅಂದರೆ ಸರದಿಯ ಸಂಖ್ಯೆ, 600. ಕೇಬಲಿನದಕ್ಕೆ ಮೆಟ್ರಿಕ್ಕೇ ಇರಲಿಲ್ಲ, ಅಂದರೆ ಸೊನ್ನೆ. ಸಣ್ಣ ಸಂಖ್ಯೆಗೇ ಮೊದಲ ಮರ್ಯಾದೆ. ಹಾಗಾಗಿ ವೈಫೈ ಎಷ್ಟೇ ಚೆನ್ನಾಗಿದ್ದರೂ ಎಲ್ಲವೂ ಸತ್ತ ಕೇಬಲ್ ಕಡೆಗೇ ಹೋಗುತ್ತಿತ್ತು.

ಫೈಲಿನ ಆ ಎರಡು ಸಾಲುಗಳನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಹಾಗೆ ಮುಂದೆ ಹ್ಯಾಶ್ ಗುರುತು ಹಾಕಿದೆ. ಲ್ಯಾಪ್‌ಟಾಪ್ ತನ್ನೊಳಗೇ ಮಾತಾಡಲು ಬಳಸುವ ಲೂಪ್‌ಬ್ಯಾಕ್‌ನ ಸಾಲು ಮಾತ್ರ ಉಳಿಸಿದೆ. ಇಲ್ಲಿ ಒಂದು ತಪ್ಪು ಮಾಡಿದೆ. ಮೊದಲು ಕಾರ್ಡನ್ನು ಇಳಿಸುವ ಇಫ್‌ಡೌನ್ ಕಮಾಂಡ್ ಕೊಟ್ಟು ಆಮೇಲೆ ಫೈಲ್ ತಿದ್ದಬೇಕಿತ್ತು. ನಾನು ತಿದ್ದಿ ಆಮೇಲೆ ಇಫ್‌ಡೌನ್ ಕೊಟ್ಟೆ. ಇಂಥ ಕಾರ್ಡೇ ಗೊತ್ತಿಲ್ಲ ಎಂದಿತು. ರೂಟರಿನಿಂದ ಐಪಿ ವಿಳಾಸ ಕೇಳಿ ತರುವ ಡಿಎಚ್‌ಕ್ಲೈಂಟ್ ಹಿಂದೆ ಓಡುತ್ತಲೇ ಉಳಿದು, ಒಂದೇ ಕಾರ್ಡಿಗೆ ಎರಡು ಐಪಿ ಬಂತು. ಅರ್ಧ ಗಂಟೆ ತಡಕಾಡಿ ಕೊನೆಗೆ ರೀಬೂಟ್ ಮಾಡಿದೆ.

ರೀಬೂಟ್ ಆದ ಮೇಲೆ ಎರಡೂ ಕಾರ್ಡ್ ನೆಟ್‌ವರ್ಕ್ ಮ್ಯಾನೇಜರ್ ಕೈಗೆ ಬಂದಿದ್ದವು. ಕೇಬಲ್ ಮೆಟ್ರಿಕ್ 100, ವೈಫೈ 600. ಇದು ಅದರದ್ದೇ ಲೆಕ್ಕ, ನಾನು ಹಾಕಿದ್ದಲ್ಲ. ಒಂದು ಟರ್ಮಿನಲ್‌ನಲ್ಲಿ, ಸೆಕೆಂಡಿಗೊಮ್ಮೆ ಸಣ್ಣ ಸಂದೇಶ ಕಳಿಸಿ ಉತ್ತರ ಬಂತೇ ಎಂದು ನೋಡುವ ಪಿಂಗ್ ಓಡಿಸಿ ಕೇಬಲ್ ಕಿತ್ತೆ. ಐದು ಪಿಂಗ್ ಉತ್ತರವಿಲ್ಲದೆ ಕಳೆದುಹೋದವು, ಆರನೆಯದರಿಂದ ವೈಫೈನಲ್ಲಿ ಬಂತು. ಮತ್ತೆ ಸಿಕ್ಕಿಸಿದೆ. ಒಂದೂ ಕಳೆದುಹೋಗಲಿಲ್ಲ. ನನಗೆ ಬೇಕಾದದ್ದರಲ್ಲಿ ಅರ್ಧ ಕೆಲಸ ಇಲ್ಲೇ ಮುಗಿದಿತ್ತು. ಅಲ್ಲಿಗೆ ಕೈ ತೆಗೆದಿದ್ದರೆ ಮುಂದಿನ ಹನ್ನೆರಡು ದಿನ ಉಳಿಯುತ್ತಿದ್ದವು.

ಅಕ್ಟೋಬರ್ 5 ಮತ್ತು 6: ಸ್ಕ್ರಿಪ್ಟ್

ಕೇಬಲ್ ಇರುವಾಗ ವೈಫೈ ಯಾಕೆ ಆನ್ ಇರಬೇಕು, ಬ್ಯಾಟರಿ ದಂಡ ಅಲ್ವಾ ಎನಿಸಿತು. ಕೇಬಲ್ ಬಂದರೆ ವೈಫೈ ಆಫ್, ಹೋದರೆ ಆನ್ ಮಾಡುವ ಒಂದು ಸಣ್ಣ ಸ್ಕ್ರಿಪ್ಟ್, ಅಂದರೆ ಕಮಾಂಡ್‌ಗಳ ಫೈಲ್, ಬರೆದು ನೆಟ್‌ವರ್ಕ್ ಮ್ಯಾನೇಜರಿನ ಡಿಸ್ಪ್ಯಾಚರ್ ಫೋಲ್ಡರಿಗೆ ಹಾಕಿದೆ. ಅಲ್ಲಿರುವ ಸ್ಕ್ರಿಪ್ಟ್‌ಗಳನ್ನು ಅದು ಪ್ರತಿ ಬದಲಾವಣೆಗೂ ಕರೆಯುತ್ತದೆ. ಕರೆಯುವಾಗ ಎರಡು ಮಾತು ಹೇಳುತ್ತದೆ: ಮೊದಲನೆಯದು ಕಾರ್ಡಿನ ಹೆಸರು, ಎರಡನೆಯದು ಆದದ್ದೇನು, ಅಂದರೆ ಅಪ್ ಅಥವಾ ಡೌನ್.

ಮೊದಲ ಸಲ ಏನೂ ಆಗಲಿಲ್ಲ. ಜರ್ನಲ್ ಎಂಬ ಸಿಸ್ಟಂ ದಾಖಲೆ ನೋಡಿದಾಗ, ಗುಂಪಿನವರೂ ಬರೆಯಬಹುದಾದ ಫೈಲ್, ಹಾಗಾಗಿ ಓಡಿಸುವುದಿಲ್ಲ ಎಂದಿತ್ತು. ಫೈಲ್ ರೂಟ್, ಅಂದರೆ ಸಿಸ್ಟಂನ ಯಜಮಾನನ ಖಾತೆ, ಹೆಸರಿನಲ್ಲಿರಬೇಕು, ರೂಟ್ ಬಿಟ್ಟು ಬೇರೆ ಯಾರೂ ಬರೆಯುವ ಹಾಗಿರಬಾರದು, ಓಡುವ ಅನುಮತಿ ಇರಬೇಕು. ಫೈಲಿನ ಅನುಮತಿಯನ್ನು 755 ಮಾಡಿದೆ.

ಎರಡನೇ ಸಲ ಓಡಿತು, ಆದರೆ ನೆಟ್‌ವರ್ಕ್ ಗುರುತು ಮಿನುಗುತ್ತಲೇ ಇತ್ತು. ಕೇಬಲ್ ಬಂತು, ಸ್ಕ್ರಿಪ್ಟ್ ವೈಫೈ ಆಫ್ ಮಾಡಿತು. ವೈಫೈ ಆಫ್ ಆದದ್ದೂ ಒಂದು ಡೌನ್. ಅದಕ್ಕೂ ಸ್ಕ್ರಿಪ್ಟ್ ಓಡಿ ವೈಫೈ ಆನ್ ಮಾಡಿತು. ಅದು ಅಪ್, ಹಾಗಾಗಿ ಮತ್ತೆ ಆಫ್. ನಾನು ಎರಡನೇ ಮಾತನ್ನು ಮಾತ್ರ ನೋಡಿದ್ದೆ, ಮೊದಲನೆಯದನ್ನು ನೋಡಿರಲಿಲ್ಲ. ಕೇಬಲ್ ಕಾರ್ಡಿನ ಹೆಸರಿದ್ದರೆ ಮಾತ್ರ ಮುಂದೆ ಹೋಗು ಎಂದು ಒಂದು ಸಾಲು ಸೇರಿಸಿದೆ. ನಿಂತಿತು.

ಭಾನುವಾರ ರಾತ್ರಿ ಮತ್ತೆ ಪಿಂಗ್ ಪರೀಕ್ಷೆ ಮಾಡಿದೆ. ಈ ಸಲ ಕೇಬಲ್ ಕಿತ್ತರೆ 13 ಪಿಂಗ್ ಕಳೆದುಹೋದವು. ಸಹಜ ತಾನೇ. ವೈಫೈ ಆನ್ ಆಗಬೇಕು, ಹುಡುಕಬೇಕು, ಪಾಸ್‌ವರ್ಡ್ ಕೊಡಬೇಕು, ಐಪಿ ತೆಗೆದುಕೊಳ್ಳಬೇಕು. ಸ್ಕ್ರಿಪ್ಟ್ ಇಲ್ಲದಾಗ ವೈಫೈ ಆಗಲೇ ತಯಾರಾಗಿ ನಿಂತಿರುತ್ತಿತ್ತು. ಈ ಲೆಕ್ಕ ಕಣ್ಣೆದುರಿಗಿದ್ದರೂ ಸ್ಕ್ರಿಪ್ಟ್ ತೆಗೆಯಲಿಲ್ಲ. ಕಷ್ಟಪಟ್ಟು ಬರೆದದ್ದು ಎಂಬ ಮೋಹ ಇತ್ತು.

ಅಕ್ಟೋಬರ್ 13, ಭಾನುವಾರ: ಶಿವಮೊಗ್ಗದಲ್ಲಿ

ದಸರಾಕ್ಕೆ ಅಕ್ಕನ ಮನೆಗೆ ಹೋಗಿದ್ದೆ. ಬೆಳಿಗ್ಗೆ 10ಕ್ಕೆ ಮಕ್ಕಳಿಗೆ ಒಂದು ಟೆಸ್ಟ್ ಇಟ್ಟಿದ್ದೆ. 9.50ಕ್ಕೆ ಲ್ಯಾಪ್‌ಟಾಪ್ ತೆಗೆದರೆ ಒಂದೂ ವೈಫೈ ಕಾಣುವುದಿಲ್ಲ. ಅಕ್ಕ "ನಮ್ಮ ವೈಫೈ ಸರಿ ಇದ್ಯಲ್ಲೋ" ಎಂದು ತನ್ನ ಫೋನ್ ತೋರಿಸಿದಳು. ವೈಫೈ ಕಾರ್ಡೇ ಹೋಯಿತೇನೋ ಎಂದು ಹೆದರಿದೆ. ಟೆಸ್ಟನ್ನು ಫೋನಿನಲ್ಲೇ ನಡೆಸಬೇಕಾಯಿತು. ಇಬ್ಬರು ಮಕ್ಕಳಿಗೆ ಪ್ರಶ್ನೆಗಳು ಇಪ್ಪತ್ತು ನಿಮಿಷ ತಡವಾಗಿ ಸಿಕ್ಕವು. ಅದು ನನ್ನಿಂದ ಆದದ್ದು, ಅವರಿಗೆ ಹೇಳಿ ಸಮಯ ಜಾಸ್ತಿ ಕೊಟ್ಟೆ.

ಕಾರಣ ಮಧ್ಯಾಹ್ನ ತಿಳಿಯಿತು. ಶುಕ್ರವಾರ ಮನೆಯಲ್ಲಿ ಕೇಬಲ್ ಸಿಕ್ಕಿಸಿಕೊಂಡೇ ಶಟ್‌ಡೌನ್ ಮಾಡಿದ್ದೆ. ಆಗ ವೈಫೈ ಆಫ್ ಇತ್ತು. ವೈಫೈ ಆನ್ ಇತ್ತೋ ಆಫ್ ಇತ್ತೋ ಎಂಬುದನ್ನು ನೆಟ್‌ವರ್ಕ್ ಮ್ಯಾನೇಜರ್ ಬರೆದಿಟ್ಟುಕೊಂಡು ಮುಂದಿನ ಬೂಟ್‌ನಲ್ಲಿ ಹಾಗೇ ತರುತ್ತದೆ. ಅಕ್ಕನ ಮನೆಯಲ್ಲಿ ಕೇಬಲ್ ಇರಲೇ ಇಲ್ಲ. ಬಾರದ ಕೇಬಲ್ ಹೋಗುವುದೂ ಇಲ್ಲ. ಹಾಗಾಗಿ ಡೌನ್ ಎಂಬ ಸುದ್ದಿಯೇ ಸ್ಕ್ರಿಪ್ಟಿಗೆ ಬರಲಿಲ್ಲ. 'ಎನ್‌ಎಂಸಿಎಲ್‌ಐ ರೇಡಿಯೋ ವೈಫೈ ಆನ್' ಎಂದು ಒಂದೇ ಸಾಲು ಕೊಟ್ಟರೆ ಬಂತು.

ಬೂಟ್ ಆಗುವಾಗ ನೋಡು, ನಿದ್ದೆಯಿಂದ ಎದ್ದಾಗ ನೋಡು ಎಂದು ಸ್ಕ್ರಿಪ್ಟ್ ಬೆಳೆಸಬಹುದಿತ್ತು. ಬೇಡ ಎನಿಸಿತು. ಸೋಮವಾರ ಮನೆಗೆ ಬಂದವನೇ ಅದನ್ನು ಅಳಿಸಿದೆ. ಎರಡೂ ಆನ್ ಇರಲಿ, ಮೆಟ್ರಿಕ್ ನೋಡಿಕೊಳ್ಳಲಿ.

ಅದೇ ದಿನ ಸಣ್ಣದೊಂದು ಕೆಲಸವನ್ನೂ ಮಾಡಿದೆ. ಮನೆ ವೈಫೈ ಪ್ರೊಫೈಲ್‌ನಲ್ಲಿ ಪವರ್‌ಸೇವ್ ಬೆಲೆಯನ್ನು 2ಕ್ಕೆ ಇಟ್ಟೆ, ಅಂದರೆ ಪವರ್ ಉಳಿತಾಯ ಬೇಡ ಎಂದು. ಮೆತ್ತಿನ ಮೇಲೆ ವೈಫೈ ಪಿಂಗ್ ಆಗಾಗ 200 ಮಿಲಿಸೆಕೆಂಡ್‌ವರೆಗೆ ಹಾರುತ್ತಿತ್ತು. ಈಗ ಹೆಚ್ಚಿನ ಹೊತ್ತು 10ರ ಒಳಗಿದೆ. ಕ್ಯಾಮೆರಾ ಆಫ್ ಮಾಡಿದರೆ ಪಾಠ ನಡೆಯುತ್ತದೆ.

ಅಕ್ಟೋಬರ್ 19, ಶನಿವಾರ: ಕರೆಂಟ್ ಹೋದರೆ

ಹಾಟ್‌ಸ್ಪಾಟ್‌ನ ಸರದಿ. ಮನೆ ವೈಫೈಗೆ ಆಟೋಕನೆಕ್ಟ್ ಪ್ರಯಾರಿಟಿ 50, ಹಾಟ್‌ಸ್ಪಾಟ್‌ಗೆ 10 ಕೊಟ್ಟೆ. ಇಲ್ಲಿ ದೊಡ್ಡ ಸಂಖ್ಯೆಗೆ ಮೊದಲ ಮರ್ಯಾದೆ, ಮೆಟ್ರಿಕ್‌ನಲ್ಲಿ ಸಣ್ಣದಕ್ಕೆ. ಒಮ್ಮೆ ತಿರುಗಾಮುರುಗಾ ಹಾಕಿ ಆಮೇಲೆ ಸರಿಮಾಡಿದೆ. ಹಾಟ್‌ಸ್ಪಾಟ್ ಪ್ರೊಫೈಲ್ ಮೀಟರ್ಡ್, ಅಂದರೆ ಡೇಟಾ ಮಿತಿ ಇರುವ ಲೈನ್, ಎಂದೂ ಗುರುತು ಹಾಕಿದೆ.

ರೂಟರಿನ ಸ್ವಿಚ್ ಆರಿಸಿ ಫೋನಿನಲ್ಲಿ ಹಾಟ್‌ಸ್ಪಾಟ್ ಹಾಕಿದೆ. ಲ್ಯಾಪ್‌ಟಾಪ್ ತಾನೇ ಹೋಗಿ ಸೇರಿತು. ತೊಂದರೆ ಬಂದದ್ದು ರೂಟರ್ ಮತ್ತೆ ಹಾಕಿದಾಗ. ಸುಮಾರು 40 ಸೆಕೆಂಡಿಗೆ ರೂಟರ್ ಕೇಬಲ್‌ಗೆ ಐಪಿ ಕೊಟ್ಟುಬಿಟ್ಟಿತು. ಆದರೆ ಫೈಬರ್ ಕಡೆ ಏಳಲು ಎರಡು ನಿಮಿಷಕ್ಕೂ ಜಾಸ್ತಿ ಬೇಕು. ಅಷ್ಟು ಹೊತ್ತು ಕೇಬಲ್ 100ರಲ್ಲಿ ಮುಂದೆ ನಿಂತಿದೆ, ಅದರಾಚೆ ಇಂಟರ್ನೆಟ್ ಇಲ್ಲ. ಒಳ್ಳೇ ಹಾಟ್‌ಸ್ಪಾಟ್ 600ರಲ್ಲಿ ಹಿಂದೆ ಕೂತಿದೆ. ಕರೆಂಟ್ ಬಂದದ್ದರಿಂದಲೇ ಕ್ಲಾಸ್ ನಿಲ್ಲುತ್ತದೆ!

ಇದಕ್ಕೆ ಮದ್ದು ನೆಟ್‌ವರ್ಕ್ ಮ್ಯಾನೇಜರಿನಲ್ಲೇ ಇದೆ, ಕನೆಕ್ಟಿವಿಟಿ ಚೆಕ್ ಎಂದು. ಪ್ರತಿ ಕಾರ್ಡಿನಿಂದಲೂ ಒಂದು ಪುಟ ತೆರೆದು ನೋಡುತ್ತದೆ. ತೆರೆಯದಿದ್ದರೆ ಆ ಕಾರ್ಡಿನ ಮೆಟ್ರಿಕ್‌ಗೆ 20000 ಸೇರಿಸುತ್ತದೆ. ನನ್ನ ಎಕ್ಸ್‌ಎಫ್‌ಸಿಇ ಇನ್‌ಸ್ಟಾಲ್‌ನಲ್ಲಿ ಅದು ಇರಲಿಲ್ಲ. ನೆಟ್‌ವರ್ಕ್ ಮ್ಯಾನೇಜರ್ ಹೆಸರಿನ ಮುಂದೆ ಕಾನ್ಫಿಗ್, ಕನೆಕ್ಟಿವಿಟಿ, ಡೆಬಿಯನ್ ಎಂದು ಸೇರಿಸಿದ ಒಂದು ಪ್ಯಾಕೇಜ್ ಇದೆ, ಅದನ್ನು ಹಾಕಬೇಕು. ಮಾಮೂಲಾಗಿ 300 ಸೆಕೆಂಡಿಗೊಮ್ಮೆ ನೋಡುತ್ತದೆ. ಇಟಿಸಿಯ ಕಡೆ ಒಂದು ಸಣ್ಣ ಫೈಲ್ ಹಾಕಿ 60 ಮಾಡಿದೆ.

ಮತ್ತೆ ರೂಟರ್ ಆರಿಸಿ ಹಾಕಿದೆ. 'ಐಪಿ ರೌಟ್'ನಲ್ಲಿ ಕೇಬಲ್ ಮುಂದೆ 20100, ಹಾಟ್‌ಸ್ಪಾಟ್ ಮುಂದೆ 600. ಪಿಂಗ್ ಓಡುತ್ತಲೇ ಇತ್ತು. ಫೈಬರ್ ಎದ್ದ ಸ್ವಲ್ಪ ಹೊತ್ತಿಗೆ 20100 ಹೋಗಿ 100 ಆಯಿತು. ಈ ತಿಂಗಳಲ್ಲಿ ನನಗೆ ಅತಿ ಖುಷಿ ಕೊಟ್ಟ ಸಾಲು ಅದೇ. ಅಪ್ಪಯ್ಯನನ್ನು ಮೇಲೆ ಕರೆದು ತೋರಿಸಿದೆ.

ಅಕ್ಟೋಬರ್ 23, ಬುಧವಾರ: ಫೋನಿನ ಡೇಟಾ ಖಾಲಿ

ಬೆಳಿಗ್ಗೆ ಒಮ್ಮೆ ಕರೆಂಟ್ ಹೋಗಿ ಬಂದಿತ್ತು. ಆಮೇಲೆ ಕೇಬಲ್‌ನಲ್ಲೇ ಕೆಲಸ ಮಾಡುತ್ತಿದ್ದೆ, ಅಥವಾ ಹಾಗೆಂದುಕೊಂಡಿದ್ದೆ. ಮಧ್ಯಾಹ್ನ ಫೋನಿಗೆ ಮೆಸೇಜ್ ಬಂತು, ದಿನದ 1.5 ಜಿಬಿ ಮುಗಿಯಿತು ಎಂದು.

ಇಲ್ಲಿ ಎರಡು ವಿಷಯ ಸೇರಿಕೊಂಡಿದ್ದವು. ಒಂದು, ಹಾಟ್‌ಸ್ಪಾಟ್ ಸೇರಿದ ವೈಫೈ ಕಾರ್ಡ್, ಮನೆ ವೈಫೈ ವಾಪಸ್ ಬಂದರೂ ತಾನಾಗಿ ಅಲ್ಲಿಗೆ ಹೋಗುವುದಿಲ್ಲ. ಪ್ರಯಾರಿಟಿ ಕೆಲಸ ಮಾಡುವುದು ಹೊಸದಾಗಿ ಸೇರುವಾಗ ಮಾತ್ರ. ಎರಡು, ನನ್ನ ಮನೆ ಲೈನಿನಲ್ಲಿ ಹಳೇ ಬಗೆಯ ಐಪಿ ವಿಳಾಸ (ಐಪಿವಿ4) ಮಾತ್ರ, ಹೊಸ ಬಗೆಯ ಐಪಿವಿ6 ಇಲ್ಲ, ಫೋನಿನಲ್ಲಿ ಇದೆ. ಕೇಬಲ್ ಮುಂದೆ ನಿಂತದ್ದು ಐಪಿವಿ4ರಲ್ಲಿ ಮಾತ್ರ. ಐಪಿವಿ6ರಲ್ಲಿ ಇದ್ದದ್ದು ಫೋನಿನ ದಾರಿ ಒಂದೇ. ಐಪಿವಿ6 ಇರುವ ಸೈಟುಗಳೆಲ್ಲ ಅದರಲ್ಲೇ ಹೋಗುತ್ತಿದ್ದವು.

ಮೊದಲು ಹಾಟ್‌ಸ್ಪಾಟ್‌ನ ಐಪಿವಿ6 ಮೆಟ್ರಿಕ್ ಜಾಸ್ತಿ ಮಾಡಿ ನೋಡಿದೆ. ಪ್ರಯೋಜನ ಆಗಲಿಲ್ಲ, ಎದುರಿಗೆ ಬೇರೆ ದಾರಿಯೇ ಇಲ್ಲದಿದ್ದಾಗ ಸಂಖ್ಯೆ ಎಷ್ಟಿದ್ದರೇನು? ಕೊನೆಗೆ ಹಾಟ್‌ಸ್ಪಾಟ್ ಪ್ರೊಫೈಲ್‌ನಲ್ಲಿ ಐಪಿವಿ6 ಪೂರ್ತಿ ಆಫ್ ಮಾಡಿದೆ. ಸೋರುವುದು ನಿಂತಿತು. ಕರೆಂಟ್ ಬಂದ ಮೇಲೆ ಫೋನಿನ ಹಾಟ್‌ಸ್ಪಾಟ್ ಆರಿಸುವುದು ಮಾತ್ರ ಇನ್ನೂ ಕೈಯಲ್ಲೇ. ಆರಿಸಿದರೆ ಲ್ಯಾಪ್‌ಟಾಪ್ ಮನೆ ವೈಫೈಗೆ ತಾನೇ ಸೇರುತ್ತದೆ.

ಅಕ್ಟೋಬರ್ 26 ಮತ್ತು 27: ಮಿನಿ ಯುಪಿಎಸ್, ಬಾಂಡಿಂಗ್

ರೂಟರಿನ ಅಡಾಪ್ಟರ್ ಮೇಲೆ 12 ವೋಲ್ಟ್, 1.5 ಆಂಪ್ ಎಂದಿದೆ. 12 ವೋಲ್ಟ್, 2 ಆಂಪ್‌ನ ಮಿನಿ ಯುಪಿಎಸ್ ತಂದೆ, 1,350 ರೂಪಾಯಿ. ಪಿನ್ನಿನ ನಡುವೆ ಪ್ಲಸ್ ಇದೆಯಾ ಎಂದು ಎರಡರಲ್ಲೂ ನೋಡಿಕೊಂಡೇ ಸಿಕ್ಕಿಸಿ. ಕರೆಂಟ್ ಆರಿಸಿ ಗಡಿಯಾರ ಹಿಡಿದು ಕೂತೆ, 3 ಗಂಟೆ 10 ನಿಮಿಷ ಬಂತು. ಕ್ಲಾಸಿಗೆ ಬೇಕಾದ್ದು ಒಂದೂವರೆ ಗಂಟೆ. ಈಗ ಊರಿನ ಫೈಬರ್ ಲೈನೇ ಹೋದರೆ ಮಾತ್ರ ಹಾಟ್‌ಸ್ಪಾಟ್ ಬೇಕು. ಒಟ್ಟು ಖರ್ಚು 2,820.

ಕೇಬಲ್ ಕಿತ್ತಾಗ ನಿಲ್ಲುವ ಆ ಐದು ಸೆಕೆಂಡೂ ಇರಬಾರದು ಎಂದು ಬಾಂಡಿಂಗ್ ಕೂಡ ಹಾಕಿ ನೋಡಿದೆ. ಕೇಬಲ್ ಮತ್ತು ವೈಫೈ ಎರಡನ್ನೂ ಕಟ್ಟಿ ಒಂದೇ ಕಾರ್ಡ್ ಎಂಬಂತೆ ಮಾಡುವುದು ಅದು. ಒಂದು ನಡೆಯುವಾಗ ಇನ್ನೊಂದು ಕಾದು ನಿಲ್ಲುವ ಆಕ್ಟಿವ್-ಬ್ಯಾಕಪ್ ಬಗೆಯಲ್ಲಿ ಒಂದೇ ಪಿಂಗ್ ಕಳೆದುಹೋಯಿತು. ತುಂಬಾ ಚೆನ್ನಾಗಿತ್ತು. ಆದರೆ ಪ್ರತಿ ವೈಫೈ ಪ್ರೊಫೈಲನ್ನೂ ಟರ್ಮಿನಲ್‌ನಿಂದ ಕೈಯಾರೆ ಅದಕ್ಕೆ ಕಟ್ಟಬೇಕು. ಅಮ್ಮನೂ ಈ ಲ್ಯಾಪ್‌ಟಾಪ್ ಬಳಸುತ್ತಾರೆ, ಅವರು ಮೇಲಿನ ಗುರುತು ಒತ್ತಿ ವೈಫೈ ಆಯ್ಕೆ ಮಾಡಿದರೆ ಕಟ್ಟಿದ್ದು ಬಿಚ್ಚಿಹೋಗುತ್ತದೆ. ತೆಗೆದೆ. ಮನೆಯಿಂದ ಹೊರಗೆ ಹೋಗದ ಲ್ಯಾಪ್‌ಟಾಪ್ ಆದರೆ ನೀವು ಖಂಡಿತ ಹಾಕಿ ನೋಡಿ.

ಅಕ್ಟೋಬರ್ 28, ಸೋಮವಾರ: ಸ್ವಾತಿ ಮಳೆ

7.42ಕ್ಕೆ ಮೊದಲ ಗುಡುಗು. ಇಂಟಿಗ್ರೇಷನ್ ಲೆಕ್ಕದ ನಡುವೆ ಇದ್ದೆ. ಅಪ್ಪಯ್ಯ ಕೂಗುವ ಮೊದಲೇ ಕೇಬಲ್ ಕಿತ್ತು, ಕ್ಯಾಮೆರಾ ಆಫ್ ಮಾಡಿ, ಬರೆಯುತ್ತಲೇ ಹೋದೆ. 7.55ಕ್ಕೆ ಕರೆಂಟ್ ಹೋಯಿತು. ಮೇಣದಬತ್ತಿ ಹಿಡಿದು ಅಮ್ಮ ಮೇಲೆ ಬಂದು ನೋಡಿ, ಕ್ಲಾಸ್ ನಡೆಯುತ್ತಿದೆ ಎಂದು ಸದ್ದಿಲ್ಲದೆ ಇಳಿದು ಹೋದರು. ಕ್ಲಾಸ್ ಮುಗಿಯುವವರೆಗೆ ವೈಫೈನಲ್ಲೇ ನಡೆಯಿತು. ನಡುವೆ ಒಬ್ಬಳು ಹುಡುಗಿ ಮಾತ್ರ ಕೇಳಿದಳು, "ಸರ್, ಆ ಎರಡನೇ ಸ್ಟೆಪ್ ಇನ್ನೊಂದ್ ಸಲ ಹೇಳ್ತೀರಾ, ಸ್ವಲ್ಪ ಕಟ್ ಆಯ್ತು." ಹೇಳಿದೆ.